ಗಡಿ ದಾಟಿ ಬಂದ ತೀರ್ಪಿಗೆ ಬೆಲೆ ಎಷ್ಟು?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಹುಕಾಲದಿಂದ ಜವಳಿ ವ್ಯಾಪಾರ ನಡೆಸಿಕೊಂಡು ಬಂದಿರುವ ಹಿರಿಯರೊಬ್ಬರು ಕೆಲವು ತಿಂಗಳ ಹಿಂದೆ ನನ್ನನ್ನು ಅಂಗಡಿಯೊಳಗೆ ಕರೆದು ಕೂರಿಸಿ, ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಿಂದ ಒಂದು ದಪ್ಪ ಲಕೋಟೆ ತೆಗೆದರು. ಅದರಲ್ಲಿ ಅಮೆರಿಕದ ಒಂದು ರಾಜ್ಯದ ನ್ಯಾಯಾಲಯ ನೀಡಿದ ತೀರ್ಪಿನ ಪ್ರತಿ ಇತ್ತು. ಅವರ ಮಗಳಿಗೂ ಅಳಿಯನಿಗೂ ಅಲ್ಲಿಯೇ ವಿಚ್ಛೇದನವಾಗಿದೆ. ಇಬ್ಬರೂ ವಕೀಲರನ್ನಿಟ್ಟು ವಾದಿಸಿದ್ದಾರೆ. ಮಗಳಿಗೆ ಒಂದು ನಿಗದಿತ ಮೊತ್ತವನ್ನೂ ಮೊಮ್ಮಗನ ಪೋಷಣೆಗೆಂದು ತಿಂಗಳು ತಿಂಗಳು ಒಂದಿಷ್ಟು ಹಣವನ್ನೂ ಕೊಡತಕ್ಕದ್ದೆಂದು ನ್ಯಾಯಾಲಯ ಆದೇಶಿಸಿದೆ. ಅದಾದ ಕೆಲವೇ ತಿಂಗಳಲ್ಲಿ ಅಳಿಯ ಕೆಲಸ ಬಿಟ್ಟು ಬೆಂಗಳೂರಿಗೆ ಹಿಂತಿರುಗಿದ್ದಾನೆ. ಹಣ ಬಂದಿಲ್ಲ. ಅವನ ಹೆಸರಿನಲ್ಲಿ ಇಲ್ಲಿಯೇ ಒಂದು ನಿವೇಶನವಿದೆ.

“ಸಾರ್, ನೀವು ಸರ್ಕಾರದಲ್ಲಿ ಇದ್ದವರು. ಈ ಕಾಗದವನ್ನು ನಮ್ಮ ಕೋರ್ಟಿನಲ್ಲಿ ಯಾರ ಕೈಗೆ ಕೊಡಬೇಕು ಅಷ್ಟು ಹೇಳಿಬಿಡಿ. ಮುದ್ರೆಯೆಲ್ಲ ಸರಿಯಾಗಿದೆ” ಎಂದರು.

ಮುದ್ರೆ ಸರಿಯಾಗಿಯೇ ಇತ್ತು. ಆದರೆ ಆ ಮುದ್ರೆಯ ಬಲ ಇಲ್ಲಿಯ ಅಮೀನನವರೆಗೆ ನೇರವಾಗಿ ತಲುಪುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ನಾನು ವಕೀಲನಲ್ಲ, ಅರ್ಥಶಾಸ್ತ್ರ ಓದಿ ಆಡಳಿತ ಸೇವೆಗೆ ಬಂದವನು. ಆದರೂ ಆ ಲಕೋಟೆಯ ನೆಪದಲ್ಲಿ ಕಾನೂನಿನ ಪುಸ್ತಕಗಳನ್ನು ತಿರುವಿಹಾಕಿದೆ. ಬಲ್ಲ ವಕೀಲರನ್ನು ಕೇಳಿದೆ. ಇದು ಒಂದು ಕುಟುಂಬದ ಸಂಕಟವಷ್ಟೇ ಅಲ್ಲ ಎಂಬುದು ಆಗ ಮನವರಿಕೆಯಾಯಿತು. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿರುವ, ಹೊರದೇಶದೊಡನೆ ವ್ಯಾಪಾರ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕಾದ ವಿಷಯವಿದು.

ನ್ಯಾಯಾಲಯದ ತೀರ್ಪು ಎಂದರೆ ಬರಿಯ ಅಭಿಪ್ರಾಯವಲ್ಲ, ಅದರ ಹಿಂದೆ ರಾಜ್ಯಶಕ್ತಿ ಇರುತ್ತದೆ. ಸಾಲಗಾರನ ಮನೆ ಜಪ್ತಿ ಮಾಡುವುದು, ಬ್ಯಾಂಕ್ ಖಾತೆಯನ್ನು ತಡೆಹಿಡಿಯುವುದು ಆ ಶಕ್ತಿಯ ಕೆಲಸ. ಆದರೆ ಒಂದು ರಾಷ್ಟ್ರದ ಶಕ್ತಿ ಅದರ ಗಡಿಯಲ್ಲಿ ನಿಲ್ಲುತ್ತದೆ. ಆಚೆಗೆ ಆ ತೀರ್ಪು ನಡೆಯಬೇಕಾದರೆ ಅಲ್ಲಿನ ನ್ಯಾಯಾಲಯ ಅದನ್ನು ಮೊದಲು ಮಾನ್ಯ ಮಾಡಬೇಕು, ಅನಂತರ ತನ್ನ ಅಧಿಕಾರದಿಂದ ಜಾರಿಗೊಳಿಸಬೇಕು. ಮಾನ್ಯತೆ ಬೇರೆ, ಜಾರಿ ಬೇರೆ. ನಮ್ಮ ಜವಳಿ ವ್ಯಾಪಾರಿಗಳ ಕಷ್ಟವೆಲ್ಲ ಈ ಎರಡರ ನಡುವಿನ ಅಂತರದಲ್ಲಿದೆ.

ಆಗುಂಬೆ ಇಳಿದರೆ ವಿದೇಶ

ಇದು ಸಾಫ್ಟ್‌ವೇರ್ ಯುಗದ ಸಮಸ್ಯೆಯೆಂದು ಭಾವಿಸಬೇಕಾಗಿಲ್ಲ. ನಮ್ಮ ಮಲೆನಾಡಿಗೆ ಇದು ಹಳೆಯ ಪರಿಚಯ. ಇಂದಿನ ಯುವಕರಿಗೆ ಹೇಳಿದರೆ ನಂಬಲಾರರು: ಸ್ವಾತಂತ್ರ್ಯಪೂರ್ವದಲ್ಲಿ ಶಿವಮೊಗ್ಗದ ನ್ಯಾಯಾಲಯ ಕೊಟ್ಟ ಡಿಕ್ರಿ ಮಂಗಳೂರಿನಲ್ಲಿ ‘ವಿದೇಶಿ’ ತೀರ್ಪಾಗಿತ್ತು. ಶಿವಮೊಗ್ಗ ಮೈಸೂರು ಸಂಸ್ಥಾನದ್ದು. ಆಗುಂಬೆ ಘಾಟಿ ಇಳಿದು ಸೋಮೇಶ್ವರ ತಲುಪಿದರೆ ಮದ್ರಾಸ್ ಪ್ರಾಂತ. ಸಾಗರ ದಾಟಿ ಹೊನ್ನಾವರದ ಕಡೆಗೆ ಇಳಿದರೆ ಮುಂಬಯಿ ಪ್ರಾಂತ. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೂ ಮುಂಬಯಿ ಪ್ರಾಂತವೇ. ಅಡಿಕೆ, ಮೆಣಸು, ಅಕ್ಕಿ ಈ ಗಡಿಗಳನ್ನು ಗಾಡಿಯಲ್ಲಿ ದಾಟುತ್ತಿದ್ದವು. ಸಾಲವೂ ದಾಟುತ್ತಿತ್ತು. ನ್ಯಾಯಾಲಯದ ಕೈ ಮಾತ್ರ ಅಷ್ಟು ಸುಲಭವಾಗಿ ದಾಟುತ್ತಿರಲಿಲ್ಲ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ದೇಶೀಯ ಸಂಸ್ಥಾನಗಳ ನ್ಯಾಯಾಲಯಗಳನ್ನು ವಿದೇಶಿ ನ್ಯಾಯಾಲಯಗಳ ಸಾಲಿಗೆ ಸೇರಿಸಿತ್ತು. ಸಂಸ್ಥಾನಗಳ ಡಿಕ್ರಿಗಳನ್ನು ಬ್ರಿಟಿಷ್ ಇಂಡಿಯಾದಲ್ಲಿ ಜಾರಿ ಮಾಡಲು ಅಧಿಸೂಚನೆಯ ಮೂಲಕ ಅನುಮತಿ ಕೊಡುವ ಅವಕಾಶವನ್ನು 44ನೇ ಕಲಮು ಇರಿಸಿತ್ತು, ನಿಜ. ಹಾಗಿದ್ದೂ ಪ್ರತಿವಾದಿ ‘ಇದು ವಿದೇಶಿ ತೀರ್ಪು’ ಎಂದು ತಕರಾರು ತೆಗೆಯಬಹುದಿತ್ತು.

ಈ ಗಡಿಯ ಗೊಂದಲ ಎಷ್ಟು ಆಳವಾಗಿತ್ತು ಎಂಬುದಕ್ಕೆ ಬೆಂಗಳೂರಿನ ಒಂದು ಪ್ರಕರಣ ಸಾಕ್ಷಿ. ಶ್ರೀಮಂತ ಕುಟುಂಬವೊಂದರ ಉಯಿಲಿನ ವಿವಾದ. ಆಸ್ತಿ ಮೈಸೂರು ಸೀಮೆಯಲ್ಲೂ ಇತ್ತು, ಮದ್ರಾಸ್ ಪ್ರಾಂತದಲ್ಲೂ ಇತ್ತು. ಎರಡೂ ಕಡೆ ದಾವೆಗಳು ನಡೆದವು. ಮೈಸೂರು ಹೈಕೋರ್ಟಿನ ತೀರ್ಪು ಮದ್ರಾಸಿನಲ್ಲಿ ಕಟ್ಟುಬೀಳಿಸುತ್ತದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ‘ವಿಶ್ವನಾಥನ್ ವಿರುದ್ಧ ರುಕ್ನ್-ಉಲ್-ಮುಲ್ಕ್ ಸೈಯದ್ ಅಬ್ದುಲ್ ವಾಜಿದ್’ ಎಂಬ ಹೆಸರಿನ ಈ ಪ್ರಕರಣದ ತೀರ್ಪು ಬಂದದ್ದು 1962ರಲ್ಲಿ. ಅಷ್ಟರಲ್ಲಿ ಸಂಸ್ಥಾನವೂ ಇರಲಿಲ್ಲ, ಪ್ರಾಂತವೂ ಇರಲಿಲ್ಲ. ವಿಶಾಲ ಮೈಸೂರು ರಾಜ್ಯವೇ ಉದಯಿಸಿ ಆರು ವರ್ಷವಾಗಿತ್ತು. ಆದರೂ ನ್ಯಾಯಮೂರ್ತಿಗಳು ಮೈಸೂರನ್ನು ವಿದೇಶವೆಂದೇ ಭಾವಿಸಿ ವಿವಾದ ಬಿಡಿಸಬೇಕಾಯಿತು. ಅಂದು ಬಹುಮತ ಹೇಳಿದ ಮಾತುಗಳು ಇಂದಿಗೂ ಈ ಕಾನೂನಿನ ತಳಹದಿಯಾಗಿವೆ. ವಿದೇಶಿ ನ್ಯಾಯಾಲಯ ಸರಿಯಾದ ನಿರ್ಣಯಕ್ಕೆ ಬಂದಿತೇ, ತಪ್ಪಿತೇ ಎಂದು ಇಲ್ಲಿನ ನ್ಯಾಯಾಲಯ ಮರುವಿಚಾರಣೆ ಮಾಡಕೂಡದು. ಆ ನ್ಯಾಯಾಲಯಕ್ಕೆ ಅಧಿಕಾರವಿತ್ತೇ, ವಿಚಾರಣೆಯ ಕ್ರಮ ನ್ಯಾಯವಾಗಿತ್ತೇ ಎಂದಷ್ಟೇ ನೋಡಬೇಕು. ಇನ್ನೊಂದು ಸೀಮೆಯಲ್ಲಿರುವ ಸ್ಥಿರಾಸ್ತಿಯ ಬಗೆಗೆ ಮಾತ್ರ ಹೊರಗಿನ ನ್ಯಾಯಾಲಯದ ಮಾತು ನಡೆಯದು.

ಗ್ವಾಲಿಯರಿನ ನ್ಯಾಯಾಲಯ 1948ರಲ್ಲಿ ಏಕಪಕ್ಷೀಯವಾಗಿ ಕೊಟ್ಟ ಡಿಕ್ರಿಯೊಂದನ್ನು ಅಲಹಾಬಾದಿನಲ್ಲಿ ಜಾರಿ ಮಾಡಲಾಗದೆಂದು ಸುಪ್ರೀಂ ಕೋರ್ಟ್ ಹೇಳಿದ್ದೂ 1962ರಲ್ಲಿಯೇ. ಒಂದೇ ದೇಶ, ಒಂದೇ ಸಂವಿಧಾನ, ಆದರೂ ಡಿಕ್ರಿ ಹುಟ್ಟಿದ ದಿನದ ಗಡಿ ಅದರ ಬೆನ್ನು ಬಿಡಲಿಲ್ಲ.

1951ರಲ್ಲಿ ಸಂಹಿತೆಗೆ ತಿದ್ದುಪಡಿಯಾಗಿ ಅದು ಹಳೆಯ ಸಂಸ್ಥಾನಗಳಿಗೂ ವಿಸ್ತರಿಸಿದ ಮೇಲೆ ಈ ಒಳಗಡಿಗಳು ಅಳಿದವು. ಈಗ ಶಿವಮೊಗ್ಗದ ಡಿಕ್ರಿಯನ್ನು ಮಂಗಳೂರಿಗಾಗಲಿ ಗುವಾಹಟಿಗಾಗಲಿ ಜಾರಿಗೆ ಕಳುಹಿಸಬಹುದು. ಈ ಗಡಿ ಅಳಿದದ್ದು ಒಂದು ನ್ಯಾಯಾಲಯ ಮತ್ತೊಂದನ್ನು ನಂಬಬೇಕೆಂದು ಶಾಸನ ಮಾಡಿದ್ದರಿಂದ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ನೋಡೋಣ.

ಎರಡು ದಾರಿ, ಎರಡು ಗಡಿಯಾರ

ಈಗಿನ ಕಾನೂನು ಹೀಗಿದೆ. ಸಂಹಿತೆಯ 13ನೇ ಕಲಮಿನ ಪ್ರಕಾರ ವಿದೇಶಿ ತೀರ್ಪು ಉಭಯಪಕ್ಷಗಳ ನಡುವೆ ನಿರ್ಣಾಯಕ. ಇದಕ್ಕೆ ಆರು ಅಪವಾದಗಳಿವೆ. ತೀರ್ಪು ಕೊಟ್ಟ ನ್ಯಾಯಾಲಯಕ್ಕೆ ಅಧಿಕಾರ ಇಲ್ಲದಿದ್ದರೆ, ಪ್ರಕರಣದ ಗುಣಾವಗುಣಗಳನ್ನು ನೋಡದೆ ತೀರ್ಪು ಕೊಟ್ಟಿದ್ದರೆ, ಅಂತರರಾಷ್ಟ್ರೀಯ ಕಾನೂನನ್ನು ತಪ್ಪಾಗಿ ಗ್ರಹಿಸಿದ್ದರೆ ಅಥವಾ ಅನ್ವಯಿಸಬೇಕಾಗಿದ್ದ ಭಾರತೀಯ ಕಾನೂನನ್ನು ನಿರಾಕರಿಸಿದ್ದರೆ, ಸಹಜ ನ್ಯಾಯಕ್ಕೆ ವಿರುದ್ಧವಾಗಿ ವಿಚಾರಣೆ ನಡೆದಿದ್ದರೆ, ವಂಚನೆಯಿಂದ ತೀರ್ಪು ಪಡೆದಿದ್ದರೆ, ಭಾರತದ ಕಾನೂನನ್ನು ಉಲ್ಲಂಘಿಸಿದ ಹಕ್ಕೊತ್ತಾಯವನ್ನು ಎತ್ತಿಹಿಡಿದಿದ್ದರೆ ಅದು ಇಲ್ಲಿ ನಿಲ್ಲದು. ಈ ಆರೂ ಬಾಗಿಲುಗಳನ್ನು ದಾಟಿದ ತೀರ್ಪು ಮಾನ್ಯ.

ಆದರೆ ಜಾರಿ? ಅದಕ್ಕೆ ಎರಡು ದಾರಿಗಳಿವೆ. 1937ರಲ್ಲಿ ಸೇರಿಸಿದ 44ಎ ಕಲಮು ಮೊದಲನೆಯ ದಾರಿ. ಕೇಂದ್ರ ಸರ್ಕಾರ ‘ಪರಸ್ಪರ ಮನ್ನಣೆಯ ದೇಶ’ವೆಂದು ಅಧಿಸೂಚಿಸಿದ ರಾಷ್ಟ್ರದ ಮೇಲಿನ ದರ್ಜೆಯ ನ್ಯಾಯಾಲಯ ಹಣ ಪಾವತಿಗೆ ಕೊಟ್ಟ ಡಿಕ್ರಿಯ ದೃಢೀಕೃತ ಪ್ರತಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯಕ್ಕೆ ಸಲ್ಲಿಸಿದರೆ, ಅದನ್ನು ತನ್ನದೇ ಡಿಕ್ರಿಯೆಂಬಂತೆ ಆ ನ್ಯಾಯಾಲಯ ಜಾರಿಗೊಳಿಸುತ್ತದೆ. ಬ್ರಿಟನ್, ಸಿಂಗಪುರ, ಮಲೇಷ್ಯಾ, ಹಾಂಗ್‌ಕಾಂಗ್, ನ್ಯೂಜಿಲೆಂಡ್ ಮುಂತಾದ ಸುಮಾರು ಹನ್ನೆರಡು ದೇಶ, ಪ್ರದೇಶಗಳಷ್ಟೇ ಈ ಪಟ್ಟಿಯಲ್ಲಿವೆ. 2020ರ ಜನವರಿಯಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಸೇರಿತು. ದುಬೈಯಲ್ಲಿ ಸಾಲ ಮಾಡಿ ಊರಿಗೆ ಮರಳಿದ ಕರಾವಳಿಯ ಎಷ್ಟೋ ಮಂದಿಗೆ ಆ ಒಂದು ಅಧಿಸೂಚನೆಯ ಅರ್ಥ ತಡವಾಗಿ ತಿಳಿಯಿತು.

ಪಟ್ಟಿಯಲ್ಲಿ ಇಲ್ಲದ ದೊಡ್ಡ ಹೆಸರು ಅಮೆರಿಕ. ಅಲ್ಲಿ ವಿದೇಶಿ ತೀರ್ಪುಗಳ ಮಾನ್ಯತೆಗೆ ಇಡೀ ರಾಷ್ಟ್ರಕ್ಕೆ ಅನ್ವಯಿಸುವ ಒಂದೇ ಕಾನೂನಿಲ್ಲ, ರಾಜ್ಯಕ್ಕೊಂದು ರೀತಿ. ಅಮೆರಿಕದ ತೀರ್ಪು ಹಿಡಿದು ಬಂದವರಿಗೆ ಉಳಿಯುವುದು ಎರಡನೆಯ ದಾರಿ: ಆ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ಇಲ್ಲಿ ಹೊಸದಾಗಿ ದಾವೆ ಹೂಡುವುದು. ಸಮನ್ಸು, ಜವಾಬು, ಸಾಕ್ಷ್ಯ, ಮುದ್ದತ್ತು ಎಲ್ಲವೂ ಮೊದಲಿನಿಂದ. ಅದರ ಮೇಲೆ ಕಾಲಮಿತಿಯ ಕತ್ತಿ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ವಿದೇಶಿ ತೀರ್ಪಿನ ಆಧಾರದ ದಾವೆಯನ್ನು ಆ ತೀರ್ಪಿನ ದಿನಾಂಕದಿಂದ ಮೂರು ವರ್ಷದೊಳಗೆ ಹೂಡಬೇಕು. ಗಾಂಧಿ ಬಜಾರಿನ ಹಿರಿಯರ ಲಕೋಟೆಯಲ್ಲಿದ್ದ ತೀರ್ಪಿಗೆ ಆಗಲೇ ಎರಡು ವರ್ಷ ತುಂಬಿತ್ತು. ‘ತೀರ್ಪು ಕೈಯಲ್ಲಿದೆ, ಅವಸರವೇನು’ ಎಂದು ಅವರು ಅದನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಜೋಪಾನವಾಗಿ ಇಟ್ಟಿದ್ದರು.

ಕಾಲಮಿತಿಯಲ್ಲಿ ಎಡವಿದವರು ಅವರೊಬ್ಬರೇ ಅಲ್ಲ, ಬ್ಯಾಂಕುಗಳೂ ಎಡವಿವೆ. ಬೆಂಗಳೂರಿನ ವೈಶ್ಯ ಬ್ಯಾಂಕ್ ಹಿಂದೆ ನೀಡಿದ್ದ ಒಂದು ಸಾಖಪತ್ರಕ್ಕೆ ಸಂಬಂಧಿಸಿದಂತೆ ಬ್ಯಾಂಕ್ ಆಫ್ ಬರೋಡಾ ಲಂಡನ್ನಿನ ನ್ಯಾಯಾಲಯದಲ್ಲಿ 1995ರ ಫೆಬ್ರವರಿಯಲ್ಲಿ 12 ಲಕ್ಷ ಡಾಲರಿಗೂ ಮಿಕ್ಕಿದ ಡಿಕ್ರಿ ಪಡೆಯಿತು. ಅದನ್ನು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಜಾರಿಗೆ ಸಲ್ಲಿಸಿದ್ದು 2009ರಲ್ಲಿ, ಹದಿನಾಲ್ಕು ವರ್ಷಗಳ ನಂತರ. ಅವಧಿ ಮೀರಿದೆಯೆಂದು ಸಿವಿಲ್ ನ್ಯಾಯಾಲಯ ಅರ್ಜಿ ತಳ್ಳಿಹಾಕಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅಂತಿಮವಾಗಿ ಹೇಳಿತು: ಡಿಕ್ರಿ ಎಲ್ಲಿ ಹುಟ್ಟಿತೋ ಅಲ್ಲಿನ ಕಾಲಮಿತಿಯೇ ಅದರ ಆಯುಸ್ಸು, ಇಂಗ್ಲೆಂಡಿನಲ್ಲಿ ಅದು ಆರು ವರ್ಷ. ಹೀಗೆ ಒಂದು ದಾರಿಗೆ ಒಂದು ಗಡಿಯಾರ, ಇನ್ನೊಂದಕ್ಕೆ ಇನ್ನೊಂದು. ಎರಡು ಬ್ಯಾಂಕುಗಳಿಗೆ ಇದು ಲೆಕ್ಕದ ಪುಸ್ತಕದ ಒಂದು ಸಾಲು. ಸಾಮಾನ್ಯ ಕುಟುಂಬಕ್ಕೆ ಅದು ಜೀವಮಾನದ ಉಳಿತಾಯ.

ಮದುವೆಯ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಅಗತ್ಯ. ತಿರುಪತಿಯಲ್ಲಿ ಮದುವೆಯಾದ ದಂಪತಿಗಳ ಪೈಕಿ ಗಂಡ ಅಮೆರಿಕದ ಮಿಸೌರಿ ರಾಜ್ಯದಲ್ಲಿ ಪಡೆದುಕೊಂಡ ವಿಚ್ಛೇದನವನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಲಿಲ್ಲ. ಯಾವ ಕಾನೂನಿನಡಿ ಮದುವೆಯಾಯಿತೋ ಆ ಕಾನೂನು ಒಪ್ಪುವ ನ್ಯಾಯಾಲಯ, ಆ ಕಾನೂನು ಒಪ್ಪುವ ಕಾರಣ ಎರಡೂ ಇರಬೇಕು ಎಂಬುದು ಸಾಮಾನ್ಯ ನಿಯಮ. ಎದುರುಪಕ್ಷದವರು ಅಲ್ಲಿಯೇ ನೆಲೆಸಿದ್ದು ಅಲ್ಲಿಯೇ ಪರಿಹಾರ ಕೇಳಿದ್ದರೆ, ಸ್ವಇಚ್ಛೆಯಿಂದ ಹಾಜರಾಗಿ ವಾದಿಸಿದ್ದರೆ ಅಥವಾ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ವಿನಾಯಿತಿ. ಊರಿನಲ್ಲಿ ಕುಳಿತ ಹೆಂಡತಿಗೆ ಅಂಚೆಯಲ್ಲಿ ಒಂದು ನೋಟೀಸು ಕಳುಹಿಸಿ, ವಿಮಾನದ ಟಿಕೆಟ್ಟಿಗೂ ಗತಿಯಿಲ್ಲದ ಅವಳು ಹಾಜರಾಗಲಿಲ್ಲವೆಂದು ಸಂಬಂಧ ಕಡಿದುಕೊಳ್ಳುವವರಿಗೆ ಈ ತೀರ್ಪು ಬಾಗಿಲು ಮುಚ್ಚಿತು. ಆ ಬಾಗಿಲು ಮುಚ್ಚಿಯೇ ಇರಬೇಕು. ನಾನು ಕೇಳುತ್ತಿರುವುದು ಬೇರೆ: ಇಬ್ಬರೂ ಹಾಜರಾಗಿ, ಇಬ್ಬರೂ ವಾದಿಸಿ, ಸೋತವನು ವಿಮಾನ ಹತ್ತಿ ಬಂದುಬಿಟ್ಟರೆ ಅವನಿಗೆ ನಮ್ಮ ಕಾನೂನು ಆಶ್ರಯವಾಗಬೇಕೇ?

ಮಧ್ಯಸ್ಥಿಕೆಯ ರಾಜಮಾರ್ಗ

ವ್ಯಾಪಾರಿಗಳು ಈ ತೊಡಕನ್ನು ಬಹಳ ಹಿಂದೆಯೇ ಕಂಡುಕೊಂಡು ಬೇರೊಂದು ಮಾರ್ಗ ಹುಡುಕಿದರು. ನ್ಯಾಯಾಲಯದ ಬದಲು ಇಬ್ಬರೂ ಒಪ್ಪಿದ ಮಧ್ಯಸ್ಥಗಾರರ ಮುಂದೆ ವಿವಾದ ಬಿಡಿಸಿಕೊಳ್ಳುವುದು ಆ ಮಾರ್ಗ. 1958ರ ಜೂನ್ 10ರಂದು ನ್ಯೂಯಾರ್ಕಿನಲ್ಲಿ ರೂಪುಗೊಂಡ ಒಡಂಬಡಿಕೆಗೆ ಭಾರತ ಅಂದೇ ಸಹಿ ಹಾಕಿತು, 1960ರಲ್ಲಿ ಅದನ್ನು ಅಂಗೀಕರಿಸಿತು. ಈಗ 170ಕ್ಕೂ ಹೆಚ್ಚು ರಾಷ್ಟ್ರಗಳು ಅದರಲ್ಲಿವೆ. ಒಂದು ಸದಸ್ಯ ರಾಷ್ಟ್ರದಲ್ಲಿ ಮಧ್ಯಸ್ಥಗಾರರು ಕೊಟ್ಟ ತೀರ್ಪನ್ನು ಮತ್ತೊಂದು ರಾಷ್ಟ್ರ ಕೆಲವೇ ಕಾರಣಗಳಿಗಾಗಿ ಮಾತ್ರ ನಿರಾಕರಿಸಬಹುದು. ಅಂದರೆ, ನ್ಯಾಯಾಧೀಶರ ತೀರ್ಪಿಗಿಂತ ಖಾಸಗಿ ಮಧ್ಯಸ್ಥಗಾರರ ತೀರ್ಪು ಜಗತ್ತಿನಲ್ಲಿ ಹೆಚ್ಚು ದೂರ ಸಂಚರಿಸುತ್ತದೆ!

ಇದು ದೊಡ್ಡ ಕಂಪನಿಗಳ ವಿಷಯವೆಂದು ನಮ್ಮ ಸಣ್ಣ ಉದ್ಯಮಿಗಳು ತಿಳಿದಿದ್ದಾರೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವನ್ನು ನೋಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗಿನಿಂದ ಈ ಸೀಮೆಗೆ ಲೋಹದ ಕಸುಬು ಬಂದಿದೆ. ಈಗ ಇಲ್ಲಿನ ಎರಕದ ಕಾರ್ಖಾನೆಗಳ ಬಿಡಿಭಾಗಗಳು ಹೊರದೇಶಗಳಿಗೂ ಹೋಗುತ್ತವೆ. ಮಾಲು ಕಳುಹಿಸಿದ ಮೇಲೆ ಖರೀದಿದಾರ ‘ಗುಣಮಟ್ಟ ಸರಿಯಿಲ್ಲ’ ಎಂದು ಹಣ ತಡೆದರೆ ಗತಿಯೇನು? ಶಿವಮೊಗ್ಗದಲ್ಲಿ ದಾವೆ ಹೂಡಿ ಡಿಕ್ರಿ ಪಡೆದರೆ, ಆ ಡಿಕ್ರಿಗೆ ಜರ್ಮನಿಯಲ್ಲಿ ಏನು ಬೆಲೆ ಎಂಬುದನ್ನು ಅಲ್ಲಿನ ಕಾನೂನು ತೀರ್ಮಾನಿಸುತ್ತದೆ. ಖರೀದಿ ಆದೇಶದಲ್ಲಿ ಸರಿಯಾದ ಮಧ್ಯಸ್ಥಿಕೆಯ ಒಂದು ವಾಕ್ಯವಿದ್ದರೆ, ನ್ಯೂಯಾರ್ಕ್ ಒಡಂಬಡಿಕೆಯ ಬಲ ಬೆನ್ನಿಗಿರುತ್ತದೆ. ಬೆಲೆಯ ಬಗೆಗೆ ಗಂಟೆಗಟ್ಟಲೆ ಚೌಕಾಸಿ ಮಾಡುವವರು ಈ ಒಂದು ವಾಕ್ಯವನ್ನು ಓದದೆ ಸಹಿ ಹಾಕುತ್ತಾರೆ.

ಹಾಗೆಂದು ಹೊರಗಿನ ಮಧ್ಯಸ್ಥಿಕೆಯ ತೀರ್ಪುಗಳನ್ನು ನಮ್ಮ ದೇಶ ಸದಾ ತೆರೆದ ಬಾಗಿಲಿನಿಂದ ಬರಮಾಡಿಕೊಂಡಿತೆಂದಲ್ಲ. ಉತ್ತರಪ್ರದೇಶದ ರೇಣುಸಾಗರ್ ವಿದ್ಯುತ್ ಕಂಪನಿ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ನಡುವಣ ಒಪ್ಪಂದ 1964ರದು, ಸುಪ್ರೀಂ ಕೋರ್ಟಿನ ಕೊನೆಯ ಮಾತು ಬಂದದ್ದು 1993ರಲ್ಲಿ. ‘ಸಾರ್ವಜನಿಕ ನೀತಿಗೆ ವಿರುದ್ಧ’ ಎಂಬ ಆಕ್ಷೇಪಣೆಯನ್ನು ವಿದೇಶಿ ತೀರ್ಪುಗಳ ವಿಷಯದಲ್ಲಿ ಕಿರಿದಾಗಿಯೇ ಅರ್ಥೈಸಬೇಕೆಂದು ಅಂದೇ ಹೇಳಿದ್ದರೂ, ಅನಂತರ ಅದು ಹಿಗ್ಗಿತು, ಕುಗ್ಗಿತು. 1996ರ ಮಧ್ಯಸ್ಥಿಕೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು ಗುಣಾವಗುಣಗಳ ಮರುವಿಚಾರಣೆ ಸಲ್ಲದೆಂದು ಸ್ಪಷ್ಟಪಡಿಸಬೇಕಾಯಿತು. 2020ರ ಫೆಬ್ರವರಿಯಲ್ಲಿ ವಿಜಯ್ ಕಾರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಆಕ್ಷೇಪಣೆಗಳನ್ನು ತಳ್ಳಿ, ತಂದವರ ಮೇಲೆ 50 ಲಕ್ಷ ರೂಪಾಯಿ ಖರ್ಚು ಹೇರಿತು. ಅದೇ ವರ್ಷದ ಏಪ್ರಿಲಿನಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ, 1980ರ ಕಡಲೆಕಾಯಿ ರಫ್ತಿನ ಒಪ್ಪಂದವೊಂದರ ಬಗೆಗೆ ಲಂಡನ್ನಿನ ಮಧ್ಯಸ್ಥಗಾರರು ಕೊಟ್ಟ ತೀರ್ಪನ್ನು ನಮ್ಮ ಸಾರ್ವಜನಿಕ ನೀತಿಗೆ ವಿರುದ್ಧವೆಂದು ನಿರಾಕರಿಸಿತು. ಸರ್ಕಾರದ ಅನುಮತಿ ಇಲ್ಲದೆ ರಫ್ತು ಸಾಧ್ಯವಿರಲಿಲ್ಲ ಎಂಬ ಕಾರಣದಲ್ಲಿ ಹುರುಳಿರಬಹುದು. ಆದರೆ ಅದನ್ನು ಹೇಳಲು ನಲವತ್ತು ವರ್ಷ ಬೇಕಾಯಿತಲ್ಲ!

ಕನ್ನಡಿಯ ಎರಡು ಮುಖ

ಪರಸ್ಪರ ಮನ್ನಣೆ ಎಂಬುದು ಕನ್ನಡಿಯಿದ್ದಂತೆ, ನಾವು ತೋರಿದ ಮುಖವನ್ನೇ ಅದು ನಮಗೆ ತೋರುತ್ತದೆ. ಬೆಂಗಳೂರಿನಲ್ಲಿಯೇ ಹುಟ್ಟಿದ ಎರಡು ಪ್ರಕರಣಗಳು ಇದಕ್ಕೆ ನಿದರ್ಶನ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ವಿಜಯ್ ಮಲ್ಯ ಅವರದು. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿ 19ರಂದು ಬ್ಯಾಂಕುಗಳ ಒಕ್ಕೂಟಕ್ಕೆ 6,203 ಕೋಟಿ ರೂಪಾಯಿಗಳನ್ನು ಬಡ್ಡಿಸಹಿತ ವಸೂಲು ಮಾಡಿಕೊಳ್ಳಲು ಆದೇಶ ಕೊಟ್ಟಿತು. ಅಷ್ಟರಲ್ಲಿ ಅವರು ಇಂಗ್ಲೆಂಡಿನಲ್ಲಿದ್ದರು. ಬ್ಯಾಂಕುಗಳು ಆ ಆದೇಶವನ್ನು ಬ್ರಿಟನ್ನಿನ 1933ರ ಕಾಯ್ದೆಯಡಿ ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನಲ್ಲಿ ನೋಂದಾಯಿಸಿದವು. 2018ರ ಮೇ ತಿಂಗಳಿನಲ್ಲಿ ಅಲ್ಲಿನ ಹೈಕೋರ್ಟ್ ಆ ನೋಂದಣಿಯನ್ನು ರದ್ದುಪಡಿಸಲು ನಿರಾಕರಿಸಿತು. 2021ರ ಜುಲೈನಲ್ಲಿ ಅವರನ್ನು ದಿವಾಳಿಯೆಂದು ಘೋಷಿಸಿದ ಆದೇಶದ ವಿರುದ್ಧದ ಮೇಲ್ಮನವಿ 2025ರ ಏಪ್ರಿಲಿನಲ್ಲಿ ವಜಾ ಆಯಿತು. ಬೆಂಗಳೂರಿನ ನ್ಯಾಯಮಂಡಳಿಯ ಕಾಗದಕ್ಕೆ ಲಂಡನ್ನಿನಲ್ಲಿ ಇಷ್ಟು ಬೆಲೆ ಬಂದದ್ದು ಪರಸ್ಪರ ಮನ್ನಣೆಯ ಏರ್ಪಾಟಿನಿಂದ. ಅದು ಇಲ್ಲದಿದ್ದರೆ ನಮ್ಮ ಬ್ಯಾಂಕುಗಳ ಗತಿ ಗಾಂಧಿ ಬಜಾರಿನ ಹಿರಿಯರ ಗತಿಗಿಂತ ಬೇರೆಯಾಗಿರುತ್ತಿರಲಿಲ್ಲ.

ಎರಡನೆಯದರಲ್ಲಿ ನಾವು ಮೇಜಿನ ಇನ್ನೊಂದು ಬದಿಯಲ್ಲಿದ್ದೇವೆ. ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಮತ್ತು ದೇವಾಸ್ ಕಂಪನಿಗಳ ನಡುವೆ 2005ರ ಜನವರಿಯಲ್ಲಿ ಆದ ಉಪಗ್ರಹ ಒಪ್ಪಂದ 2011ರಲ್ಲಿ ರದ್ದಾಯಿತು. ಮಧ್ಯಸ್ಥಗಾರರು 2015ರ ಸೆಪ್ಟೆಂಬರಿನಲ್ಲಿ ದೇವಾಸ್‌ಗೆ 56.25 ಕೋಟಿ ಡಾಲರುಗಳನ್ನು ಬಡ್ಡಿಯೊಂದಿಗೆ ಕೊಡಬೇಕೆಂದರು. ದೇವಾಸ್ ಸ್ಥಾಪನೆಯೇ ವಂಚನೆಯ ಉದ್ದೇಶದ್ದೆಂದು ನಮ್ಮ ಕಂಪನಿ ಕಾನೂನು ನ್ಯಾಯಮಂಡಳಿ 2021ರಲ್ಲಿ ಅದರ ಮುಚ್ಚುಗಡೆಗೆ ಆದೇಶಿಸಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಮಧ್ಯಸ್ಥಿಕೆಯ ತೀರ್ಪನ್ನು ರದ್ದುಪಡಿಸಿತು. ಆದರೆ ಆ ತೀರ್ಪು ಅಷ್ಟರಲ್ಲಿ ಗಡಿ ದಾಟಿತ್ತು. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್, ಆಂಟ್ರಿಕ್ಸ್‌ಗೆ ಅಮೆರಿಕದೊಡನೆ ವಿಶೇಷ ನಂಟಿಲ್ಲ ಎಂಬ ಕಾರಣಕ್ಕೆ ದೇವಾಸ್ ಷೇರುದಾರರ ಅರ್ಜಿಯನ್ನು ತಳ್ಳಿದ್ದ ಕೆಳಗಿನ ನ್ಯಾಯಾಲಯದ ತೀರ್ಪನ್ನು ಬದಿಗೊತ್ತಿ, ಉಳಿದ ಪ್ರಶ್ನೆಗಳನ್ನು ಪರಿಶೀಲಿಸುವಂತೆ ಹಿಂದಕ್ಕೆ ಕಳುಹಿಸಿತು. ಒಂದೇ ತೀರ್ಪು ಹುಟ್ಟಿದ ನೆಲದಲ್ಲಿ ರದ್ದಾಗಿದೆ, ಸಾಗರದಾಚೆ ಜೀವ ಹಿಡಿದುಕೊಂಡಿದೆ.

ದೇವಾಸ್ ಪ್ರಕರಣದ ಸರಿತಪ್ಪುಗಳನ್ನು ಇಲ್ಲಿ ತೂಗುತ್ತಿಲ್ಲ. ವಂಚನೆ ನಡೆದಿದ್ದರೆ ಅದಕ್ಕೆ ಮನ್ನಣೆ ಇರಕೂಡದು. ನಮ್ಮ 13ನೇ ಕಲಮೂ ಅದನ್ನೇ ಹೇಳುತ್ತದೆ. ಆದರೆ ಒಂದು ಮಾತು ನಿಜ. ನಮ್ಮ ಡಿಕ್ರಿಯನ್ನು ಹೊರಗಿನವರು ಕಣ್ಣಿಗೊತ್ತಿಕೊಂಡು ಜಾರಿ ಮಾಡಬೇಕು, ನಮ್ಮ ವಿರುದ್ಧದ ತೀರ್ಪು ಬಂದಾಗ ಮಾತ್ರ ಸಾರ್ವಭೌಮತೆಯ ಮಾತು ಆಡಬೇಕು ಎಂಬ ನಿಲುವು ಬಹುಕಾಲ ನಡೆಯದು.

ನಂಬಿಕೆಯ ಅರ್ಥಶಾಸ್ತ್ರ

ಜಾರಿಯಾಗದ ತೀರ್ಪು ಖಾತೆಯಿಲ್ಲದ ಚೆಕ್ಕಿನಂತೆ. ಅದರ ನಷ್ಟ ಚೆಕ್ಕು ಹಿಡಿದವನೊಬ್ಬನಿಗೇ ಅಲ್ಲ. ಹೊರದೇಶದ ಬ್ಯಾಂಕು ‘ಇವರಿಂದ ವಸೂಲಿ ಕಷ್ಟ’ ಎಂದು ಅರಿತೊಡನೆ ಬಡ್ಡಿಯನ್ನು ಏರಿಸುತ್ತದೆ, ಮಾರಾಟಗಾರ ಮುಂಗಡ ಕೇಳುತ್ತಾನೆ. ಆ ಹೆಚ್ಚುವರಿ ಬೆಲೆಯನ್ನು ಕೊಡುವವರು ಒಮ್ಮೆಯೂ ಸಾಲ ತಪ್ಪಿಸದ ಪ್ರಾಮಾಣಿಕರು.

ನಾನು ಸೇವೆಯಲ್ಲಿದ್ದಾಗ ಬೇರೆ ಜಿಲ್ಲೆಯ, ಬೇರೆ ರಾಜ್ಯದ ಜಿಲ್ಲಾಧಿಕಾರಿಗಳು ಕಳುಹಿಸಿದ ವಸೂಲಾತಿ ಪ್ರಮಾಣಪತ್ರಗಳು ನನ್ನ ಮೇಜಿಗೆ ಬರುತ್ತಿದ್ದವು. 1890ರ ಕಂದಾಯ ವಸೂಲಾತಿ ಕಾಯ್ದೆಯ ಏರ್ಪಾಟು ಅದು. ಅಲ್ಲಿನ ಬಾಕಿ ನಿಜವೇ, ಲೆಕ್ಕ ಸರಿಯೇ ಎಂದು ನಾನು ಕೇಳುವಂತಿರಲಿಲ್ಲ. ನನ್ನದೇ ಜಿಲ್ಲೆಯ ಬಾಕಿಯೆಂಬಂತೆ ವಸೂಲು ಮಾಡಬೇಕಿತ್ತು. ಬಾಕಿಯಿಲ್ಲವೆನ್ನುವವನು ತಕರಾರು ನಮೂದಿಸಿ ಹಣ ಕಟ್ಟಿ, ಆಮೇಲೆ ದಾವೆ ಹೂಡಬಹುದು. ಮೊದಲು ನಂಬಿಕೆ, ಆಮೇಲೆ ತಕರಾರು. ಅಪರಿಚಿತ ಅಧಿಕಾರಿಯ ಸಹಿಯನ್ನು ನಂಬಿ ಕೆಲಸ ಮಾಡಿದ್ದರಿಂದ ಆಡಳಿತ ಕುಸಿಯಲಿಲ್ಲ.

ಹೊರದೇಶದ ತೀರ್ಪುಗಳಿಗೆ ಅಷ್ಟೇ ಕುರುಡು ನಂಬಿಕೆ ತೋರಬೇಕೆಂದು ನಾನು ಹೇಳಲಾರೆ. ಹಳೆಯ ವಿಳಾಸಕ್ಕೆ ಸಮನ್ಸು ಕಳುಹಿಸಿ ಏಕಪಕ್ಷೀಯವಾಗಿ ಪಡೆದ ಡಿಕ್ರಿಗಳು ಕಡಿಮೆಯೇನಲ್ಲ. ಸಾಕ್ಷ್ಯ ಪರಿಶೀಲಿಸದೆ ಕೊಟ್ಟ ಅಂಥ ಇಂಗ್ಲಿಷ್ ಡಿಕ್ರಿಯೊಂದನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡದಿದ್ದದ್ದು ಸರಿಯಾಗಿಯೇ ಇದೆ. ಆರು ಅಪವಾದಗಳ ರಕ್ಷಣೆ ಇರಲಿ. ಆದರೆ ಆ ಪರೀಕ್ಷೆಯನ್ನು ಒಂದು ಸಂಕ್ಷಿಪ್ತ ವಿಚಾರಣೆಯಲ್ಲಿ ಮುಗಿಸಬಹುದಾಗಿರುವಾಗ, ಪೂರ್ಣ ದಾವೆಯ ಉರುಳಿಗೆ ಜನರನ್ನು ಏಕೆ ಸಿಕ್ಕಿಸಬೇಕು?

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಪಟ್ಟಿಯಲ್ಲಿಲ್ಲದ ದೇಶಗಳ ತೀರ್ಪುಗಳಿಗೂ, ಎರಡೂ ಪಕ್ಷಗಳು ಹಾಜರಾಗಿ ವಾದಿಸಿದ್ದಲ್ಲಿ, 44ಎ ಮಾದರಿಯ ನೇರ ದಾರಿಯನ್ನು ಸಂಹಿತೆಯಲ್ಲಿಯೇ ತೆರೆಯಬೇಕು. ಸಿವಿಲ್ ಮತ್ತು ವಾಣಿಜ್ಯ ತೀರ್ಪುಗಳ ಮಾನ್ಯತೆಗೆಂದು 2019ರಲ್ಲಿ ಹೇಗ್ ನಗರದಲ್ಲಿ ರೂಪುಗೊಂಡ ಒಡಂಬಡಿಕೆ ಐರೋಪ್ಯ ಒಕ್ಕೂಟದಲ್ಲಿ 2023ರಿಂದ, ಬ್ರಿಟನ್ನಿನಲ್ಲಿ 2025ರ ಜುಲೈನಿಂದ ಜಾರಿಯಲ್ಲಿದೆ. ಅದನ್ನು ಸೇರುವ ಬಗೆಗೆ ನಮ್ಮಲ್ಲಿ ಗಂಭೀರ ಚರ್ಚೆಯಾಗಬೇಕು. ಕೌಟುಂಬಿಕ ವಿಷಯಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಮಕ್ಕಳ ಪೋಷಣೆಯ ವೆಚ್ಚ ವಸೂಲಿಗೆಂದೇ 2007ರ ಮತ್ತೊಂದು ಹೇಗ್ ಒಡಂಬಡಿಕೆ ಇದೆ. ಅಮೆರಿಕದಲ್ಲಿ ಅದು 2017ರಿಂದ ಜಾರಿಯಲ್ಲಿದೆ. ಲಕ್ಷಾಂತರ ಕುಟುಂಬಗಳನ್ನು ಹೊರದೇಶಗಳಿಗೆ ಕಳುಹಿಸಿರುವ ಭಾರತ ಅದರಿಂದ ದೂರ ನಿಂತಿರುವುದಕ್ಕೆ ಸಮರ್ಥನೆ ಹುಡುಕುವುದು ಕಷ್ಟ. ಅಲ್ಲಿಯವರೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಕನ್ನಡದಲ್ಲಿ ಒಂದು ಕೈಪಿಡಿಯನ್ನಾದರೂ ಹೊರತರಲಿ. ಯಾವ ದೇಶದ ತೀರ್ಪಿಗೆ ಯಾವ ದಾರಿ, ಎಷ್ಟು ಕಾಲಾವಕಾಶ, ಯಾವ ದಾಖಲೆ ಎಂಬ ನಾಲ್ಕು ಪುಟಗಳು ಸಾಕು.

ಆಗುಂಬೆಯ ಆಚೆಗಿನ ನ್ಯಾಯಾಲಯವನ್ನು ನಂಬಲು ನಮಗೆ ಸ್ವಾತಂತ್ರ್ಯವೂ ಒಂದು ಶಾಸನವೂ ಬೇಕಾದವು. ಆ ಗಡಿ ಇಂದು ಯಾರಿಗೂ ನೆನಪಿಲ್ಲ. ಸಾಗರದಾಚೆಯ ಗಡಿ ಪೂರ್ತಿ ಅಳಿಯಬೇಕಾಗಿಲ್ಲ, ನ್ಯಾಯವಾಗಿ ಗೆದ್ದವರು ದಾಟಿ ಬರಲು ಅಲ್ಲೊಂದು ಬಾಗಿಲು ಇದ್ದರೆ ಸಾಕು.

ಗಾಂಧಿ ಬಜಾರಿನ ಹಿರಿಯರು ಕೊನೆಗೂ ದಾವೆ ಹೂಡಿದರು. ಮೂರು ವರ್ಷದ ಗಡುವಿಗೆ ಆಗ ಏಳು ತಿಂಗಳು ಉಳಿದಿತ್ತು. ಮೊದಲ ಮುದ್ದತ್ತಿನಂದು ಪ್ರತಿವಾದಿಗೆ ಸಮನ್ಸು ಜಾರಿಯಾಗಿರಲಿಲ್ಲ. ಎರಡನೆಯದರಲ್ಲಿ ಅವನ ವಕೀಲರು ಸಮಯ ಕೇಳಿದರು. ಮೊನ್ನೆ ಅಂಗಡಿಯ ಮುಂದೆ ಹಾದುಹೋಗುವಾಗ ಯಜಮಾನರು ಕರೆದು, “ಸಾರ್, ಅಲ್ಲಿ ಒಂದು ಸಲ ಗೆದ್ದಾಗಿದೆ. ಗೆದ್ದದ್ದನ್ನೇ ಇಲ್ಲಿ ಮತ್ತೆ ಗೆಲ್ಲಬೇಕೇನು?” ಎಂದು ಕೇಳಿದರು. ಹೌದು ಎನ್ನದೆ ನನಗೆ ಬೇರೆ ದಾರಿಯಿರಲಿಲ್ಲ.